ಪತ್ರಿಯಾಗಿದ್ದ ಹೂವು

ನಮ್ಮ ಹೊಸಪೇಟೆಯ ಮನೆಯಲ್ಲಿ ಹೂವು ಬೇರೆ, ಪತ್ರಿ ಬೇರೆ. ಹೂವು ಅಂದರೆ ಬುಟ್ಟಿ ಹೊತ್ತು ಬಾಗಿಲಿಗೆ ಬರುವವಳು ಹೆಸರು ಹಿಡಿದು ಕೂಗುವಂಥದ್ದು: ಮಲ್ಲಿಗೆ, ಸೇವಂತಿ, ಕನಕಾಂಬರ. ಪತ್ರಿ ಅಂದರೆ ಪೂಜೆಗೆ ಬೇಕಾದ ಬಿಲ್ವದ ಎಲೆ, ಮತ್ತು ಅದರ ಜೊತೆಗೆ ಬುಟ್ಟಿಯಲ್ಲಿ ಬಂದ ಹೆಸರಿಲ್ಲದ ಹಸಿರೆಲ್ಲ. ಹೂವನ್ನು ಮುತ್ತೈದೆಯರು ಮುಡಿಯಬಹುದು, ನಮ್ಮಂಥ ಹುಡುಗಿಯರು ಮುಡಿಯಬಹುದು, ಗಂಡ ಸತ್ತವರು ಮುಡಿಯಬಾರದು. ಪತ್ರಿಯನ್ನು ಯಾರೂ ಮುಡಿಯುವುದಿಲ್ಲ. ಹಾಗಾಗಿ ಅದನ್ನು ಯಾರು ಮುಡಿಯಬಾರದು ಅಂತ ಯಾರೂ ರೂಲ್ ಮಾಡಿರಲಿಲ್ಲ. ಇಷ್ಟು ಸಣ್ಣ ಸಂದಿಯೊಳಗೆ ನನ್ನ ಸೋದರತ್ತೆ ತನ್ನ ಅರ್ಧ ಆಯುಷ್ಯ ಕಳೆದಳು. ಆ ಸಂದಿಯನ್ನೂ ನಮ್ಮವರು ಮುಚ್ಚಿದರು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಡಾಕ್ಟರು ಅದಕ್ಕೆ ಬ್ಲಡ್ ಪ್ರೆಶರ್ ಅನ್ನುತ್ತಾರೆ, ಅನ್ನಲಿ.

ಅತ್ತೆ ಅಪ್ಪನಿಗೆ ಅಕ್ಕ. ಕಂಪ್ಲಿಗೆ ಕೊಟ್ಟಿದ್ದರು. ಮೈನೆರೆಯುವ ಮೊದಲೇ ಗಂಡ ಕಾಲರಾದಲ್ಲಿ ಹೋದ, ಆತನ ಮುಖ ಸರಿಯಾಗಿ ನೋಡುವ ಮುಂಚೆಯೇ ಇವಳು ತವರಿಗೆ ವಾಪಸ್ಸಾದಳು. ನಮ್ಮ ಜನರಲ್ಲಿ ಉಡಿಕೆ ಮಾಡಿ ಮತ್ತೊಬ್ಬನಿಗೆ ಕೊಡುವುದು ಮೊದಲಿನಿಂದಲೂ ಇತ್ತು. ಆದರೆ ಅಕ್ಕಿ ಅಂಗಡಿ ಬೆಳೆದು ಮನೆಗೆ ಮಹಡಿ ಬಂದ ಮೇಲೆ, ಅದು ಬಡವರ ಪದ್ಧತಿ, ನಮಗೆ ಶೋಭೆಯಲ್ಲ ಅಂತ ಅಜ್ಜ ಬಿಟ್ಟರಂತೆ. ವಾಟ್ ಎ ಥಿಂಗ್ ಟು ಬಿ ಪ್ರೌಡ್ ಆಫ್! ಅತ್ತೆ ತಮ್ಮನನ್ನು, ಅಂದರೆ ನಮ್ಮ ಅಪ್ಪನನ್ನು, ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಆಮೇಲೆ ಅವನ ಮಕ್ಕಳನ್ನು ಹೊತ್ತಳು.

ಪ್ರತಿ ಕಾರ್ತಿಕದಲ್ಲಿ ನಮ್ಮ ಮನೆಯವರು ಸಂಡೂರಿನ ಕಡೆಯ ಬೆಟ್ಟದ ಗುಡಿಗೆ ಹೋಗುತ್ತಿದ್ದರು. ಗುಡಿಯೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಗಂಡಸರು ಒಳಗೆ ಹೋಗಿ ಬರುವ ತನಕ ನಾವು ಹೊರಗಿನ ಇಳಿಜಾರಿನಲ್ಲಿ, ಕಬ್ಬಿಣದ ಕಲ್ಲಿನ ಕೆಂಪು ಬಂಡೆಗಳ ಮೇಲೆ ಕೂತಿರಬೇಕು. ಆ ಬಂಡೆಗಳ ಸಂದಿಯಲ್ಲಿ ಬೆಳೆಯುತ್ತಿತ್ತು ಆ ಗಿಡ. ಮೊಣಕಾಲೆತ್ತರ, ಒರಟು ಎಲೆ, ತುದಿಯಲ್ಲಿ ತಿಳಿನೇರಳೆ ಎಸಳು, ನಡುವೆ ಅರಿಶಿನದ ಬೊಟ್ಟು. ದೇವರು ಒಳಗಿದ್ದವರಿಗೆ ಸಿಕ್ಕರೆ ಇದು ಹೊರಗಿದ್ದವರಿಗೆ ಸಿಕ್ಕಿತ್ತು. ಅತ್ತೆ ಯಾವುದೋ ವರ್ಷ ಒಂದು ಬೇರು ತಂದು, ಬಾವಿಯ ಪಕ್ಕ ಒಡೆದ ಗಡಿಗೆಯಲ್ಲಿ ಆ ಬೆಟ್ಟದ ಮಣ್ಣನ್ನೇ ತುಂಬಿ ಹಚ್ಚಿದ್ದಳು. ಬೇಸಿಗೆಯಲ್ಲಿ ಅದು ಒಣಗಿ ಕಡ್ಡಿಯಾಗುತ್ತಿತ್ತು, ಮೊದಲ ಮಳೆಗೆ ಬುಡದಿಂದ ಮತ್ತೆ ಏಳುತ್ತಿತ್ತು.

ನನ್ನನ್ನು ಅಪ್ಪ ಕಾನ್ವೆಂಟಿಗೆ ಹಾಕಿದ್ದರು. ಬೋರ್ಡಿಂಗಿನಲ್ಲಿದ್ದು ರಜೆಗೆ ಮಾತ್ರ ಮನೆಗೆ ಬರುತ್ತಿದ್ದೆ. ನೇಚರ್ ಸ್ಟಡಿ ಕ್ಲಾಸಿನಲ್ಲಿ ಕಲಿತ ಪೆರೆನಿಯಲ್ ಅನ್ನುವ ಶಬ್ದವನ್ನು ಒಮ್ಮೆ ಅತ್ತೆಗೆ ವಿವರಿಸಿದೆ: ಸತ್ತಂತೆ ಕಾಣುತ್ತದೆ, ಬೇರು ಸಾಯುವುದಿಲ್ಲ, ವರ್ಷ ವರ್ಷವೂ ಬರುತ್ತದೆ ಅಂತ.

"ನಮ್ಮಂಥಾದ್ದ ಅನ್ನು," ಅಂದಳು. "ತೆಗೆದು ಒಗದ್ರೂ ಹೋಗೂದಿಲ್ಲ."

ಬೆಳಿಗ್ಗೆ ಪೂಜೆಗೆ ಕೂತಾಗ ಅವಳು ಬಿಲ್ವದ ಜೊತೆ ಆ ಗಿಡದ ಒಂದು ಕುಡಿಯನ್ನು ಲಿಂಗದ ಮೇಲಿಡುತ್ತಿದ್ದಳು. ಪೂಜೆ ಮುಗಿದ ಮೇಲೆ ಅದನ್ನೇ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತುರುಬಿನಲ್ಲಿ ಸಿಗಿಸಿ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಹೊರಗೆ ಏನೂ ಕಾಣದು. ಬಗ್ಗಿ ರೊಟ್ಟಿ ಬಡಿಯುವಾಗ ಸೆರಗು ಜಾರಿದರೆ ಮಾತ್ರ ಒಂದು ನೇರಳೆ ಚುಕ್ಕಿ ಕಾಣುತ್ತಿತ್ತು. ಅಮ್ಮ ಹೊಸದಾಗಿ ಮದುವೆಯಾಗಿ ಬಂದಾಗ ಅದನ್ನು ಕಂಡು ಅತ್ತೆಯಾದ ನಮ್ಮ ಅಜ್ಜಿಗೆ ಹೇಳಿದ್ದಳಂತೆ. ಅಜ್ಜಿ ಅವಳ ಕಡೆ ತಿರುಗಿಯೂ ನೋಡದೆ, "ಪತ್ರಿ ಅದು. ಲಿಂಗದ ಮ್ಯಾಲಿಂದು," ಅಂದಿದ್ದಳಂತೆ. ಅಲ್ಲಿಗೆ ಮುಗಿಯಿತು. ಅಜ್ಜಿಗೆ ಅದು ಹೂವೆಂದು ಗೊತ್ತಿರಲಿಲ್ಲವೇ? ಕಣ್ಣಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಹೆಸರು ಕೇಳಲಿಲ್ಲ, ಅಷ್ಟೇ. ಆ ಮನೆಯಲ್ಲಿ ನಾನು ಕಂಡ ದಯೆ ಅಂದರೆ ಅದೊಂದೇ. ಅದನ್ನೂ ಯಾರೂ ದಯೆ ಅಂತ ಕರೆಯಲಿಲ್ಲ.

ನಾನು ಕಾನ್ವೆಂಟಿನ ಕೊನೆಯ ವರ್ಷದಲ್ಲಿದ್ದಾಗ ಒಬ್ಬ ಇಂಗ್ಲಿಷ್ ರೈಲ್ವೆ ಇಂಜಿನಿಯರನ ಹೆಂಡತಿ ಹೊಸಪೇಟೆಯ ಬಂಗಲೆಯಲ್ಲಿ ಬಂದು ಇಳಿದಳು. ಬಂಗಲೆಗೆ ಅಕ್ಕಿ, ಬೇಳೆ ಹೋಗುತ್ತಿದ್ದುದು ನಮ್ಮ ಅಂಗಡಿಯಿಂದ. ಅವಳಿಗೆ ಗಿಡಗಳ ಹುಚ್ಚು. ಹಂಪಿಗೆ ಹೋದರೆ ಎಲ್ಲರೂ ಕಲ್ಲಿನ ರಥ ನೋಡುತ್ತಾರೆ. ಇವಳು ಮಂಟಪದ ಬಿರುಕಿನಲ್ಲಿ ಹುಟ್ಟಿದ ಗಿಡದ ಮುಂದೆ ಸ್ಟೂಲ್ ಹಾಕಿ ಕೂತು ಪೇಂಟ್ ಮಾಡುತ್ತಿದ್ದಳು. ದಸರಾ ರಜೆಯಲ್ಲಿ ಅಪ್ಪ ನನ್ನನ್ನು ಅವಳ ಹತ್ತಿರ ಕರೆದುಕೊಂಡು ಹೋಗಿ, ಮಗಳ ಇಂಗ್ಲಿಷ್ ಕೇಳಿಸಿದರು. ನಾನು ಪಾಠ ಕಲಿತ ಗಿಣಿಯ ಹಾಗೆ ಗುಡ್ ಆಫ್ಟರ್‌ನೂನ್, ಮ್ಯಾಡಮ್ ಅಂದೆ. ಅವಳಿಗೆ ಖುಷಿಯಾಯಿತು. ನಮ್ಮ ಮನೆಗೆ ಚಹಾಕ್ಕೆ ಬರಲು ಒಪ್ಪಿದಳು.

ಆ ದಿನ ಮನೆಯಲ್ಲಿ ಹಬ್ಬ. ಯಾರದೋ ಮನೆಯಿಂದ ಕುರ್ಚಿ ಬಂದವು, ಯಾರದೋ ಮನೆಯಿಂದ ಕಪ್-ಸಾಸರು. ಮೇಮ್ ಒಂದು ಗುಟುಕು ಚಹಾ ಕುಡಿದು, ಹಿತ್ತಲು ನೋಡಬಹುದೇ ಅಂತ ಕೇಳಿದಳು. ಬಾವಿಯ ಹತ್ತಿರ ಗಡಿಗೆಯ ಮುಂದೆ ನಿಂತವಳು ಅಲ್ಲೇ ಮಂಡಿಯೂರಿ ಕೂತುಬಿಟ್ಟಳು. ಎಸಳು ಎಣಿಸಿದಳು, ಎಲೆ ಮೂಸಿದಳು. ಇದರ ಹೆಸರೇನು ಅಂತ ಅಪ್ಪ ನನ್ನ ಕೈಲಿ ಕೇಳಿಸಿದರು. ಇದು ಆಸ್ಟರ್, ಕಾಡು ಆಸ್ಟರ್, ನಿಮ್ಮ ಸೇವಂತಿಯ ದಾಯಾದಿ ಅಂದಳು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಅಪ್ಪನ ಮುಖ ನೋಡಬೇಕಿತ್ತು, ಅವರಿಗೇ ಯಾರೋ ಬಿರುದು ಕೊಟ್ಟಂತೆ. ಅತ್ತೆ ಬಾವಿಯ ಹಗ್ಗ ಹಿಡಿದು ನಿಂತಿದ್ದಳು.

ಮೇಮಿನ ಮಾತು ಅಲ್ಲಿಗೆ ನಿಲ್ಲಲಿಲ್ಲ. ಇದು ಇಲ್ಲಿಯದಾಗಿರಲಾರದು, ಇದರ ತವರು ಉತ್ತರದ ತಂಪು ಬೆಟ್ಟಗಳು ಅಂದಳು. ಸಂಡೂರು ಬೆಟ್ಟದ ಮೇಲೆ ಹಿಂದೆ ಇಂಗ್ಲಿಷ್ ದೊರೆಗಳು ಬೇಸಿಗೆಗೆ ಬಂದು ಇರುತ್ತಿದ್ದರಲ್ಲ, ಅವರ ಗಾರ್ಡನ್ನಿನಿಂದ ತಪ್ಪಿಸಿಕೊಂಡು ಕಾಡು ಬಿದ್ದಿರಬೇಕು ಅಂದಳು. ನಾನು ತಿರುಗಿಸಿದೆ.

"ನಮ್ಮ ಮುತ್ತಜ್ಜಿ ಆ ಬಂಡೆಗಲ್ಲಿನ ಮ್ಯಾಲೆ ಕುಂತಾಗ ಇತ್ತಂತ, ಹೇಳು ಆಕಿಗೆ," ಅಂದಳು ಅತ್ತೆ. "ಆಗ ಯಾ ದೊರಿ ಇದ್ದ ಅಂತ ಕೇಳು."

ಕೇಳಿದೆ. ಮೇಮ್ ನಕ್ಕಳು. ಹೌ ಚಾರ್ಮಿಂಗ್, ಅಂದಳು. ಆ ಎರಡು ಶಬ್ದಗಳನ್ನು ನಾನು ಕನ್ನಡಕ್ಕೆ ತಿರುಗಿಸಲಿಲ್ಲ. ಚಾರ್ಮಿಂಗ್! ತಲೆತಲಾಂತರದಿಂದ ನೋಡಿದವರ ಮಾತು ಚಾರ್ಮಿಂಗ್, ಮೊನ್ನೆ ರೈಲಿನಿಂದ ಇಳಿದವಳ ಊಹೆ ಸೈನ್ಸ್. ಆಮೇಲೆ ದೊಡ್ಡವಳಾದ ಮೇಲೆ ಲೈಬ್ರರಿಗಳಲ್ಲಿ ಆ ಗಿಡದ ತವರು ಯಾವುದೆಂದು ಹುಡುಕಬಹುದಿತ್ತು. ಹುಡುಕಲಿಲ್ಲ. ನನಗೆ ಬೇಕಾಗಿರಲಿಲ್ಲ.

ಅಪ್ಪ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಅವರ ಜಾಯಮಾನವಲ್ಲ. ಬಜಾರಿನ ಬೋರ್ಡ್ ಬರೆಯುವವನನ್ನು ಕರೆಸಿ, ತಗಡಿನ ಮೇಲೆ ಇಂಗ್ಲಿಷಿನಲ್ಲಿ ಆಸ್ಟರ್, ಕೆಳಗೆ ಕನ್ನಡದಲ್ಲಿ ಕಾಡು ಸೇವಂತಿ ಎಂದು ಬರೆಸಿ ಗಡಿಗೆಯ ಪಕ್ಕ ನೆಡಿಸಿದರು. ಅಂಗಡಿಗೆ ಬಂದ ಗಿರಾಕಿಗಳನ್ನೂ ಹಿತ್ತಲಿಗೆ ಕರೆತಂದು ತೋರಿಸುತ್ತಿದ್ದರು. ಅಜ್ಜಿ ಆ ತಗಡನ್ನು ಒಂದು ಸಲ ನೋಡಿ, ಓದಿಸಿ ಕೇಳಿ, ಒಳಗೆ ಹೋದಳು.

ಅದೇ ರಜೆಯಲ್ಲಿ ಬಳ್ಳಾರಿಯಿಂದ ಹೆಣ್ಣು ನೋಡಲು ಬಂದರು. ಹೆಣ್ಣು ನಾನು. ಗಂಡಿನ ತಾಯಿ ದಪ್ಪ ಹೆಂಗಸು, ಕಣ್ಣು ಮಾತ್ರ ಸೂಜಿಯಂತೆ. ಕೈತೊಳೆಯಲು ಹಿತ್ತಲಿಗೆ ಹೋದವಳು ಬೋರ್ಡ್ ಓದಿದ್ದಾಳೆ. ಅವಳಿಗೆ ಓದಲು ಬರುತ್ತದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಊಟಕ್ಕೆ ಬಡಿಸುವಾಗ ಅತ್ತೆ ಬಗ್ಗಿದಳು, ಸೆರಗು ಜಾರಿತು. ಗಂಡಿನ ತಾಯಿ ತುತ್ತು ಕೆಳಗಿಟ್ಟು, ಮೆಲ್ಲಗೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಯಾಕ್ರಿ, ನಿಮ್ಮ ಮನ್ಯಾಗ ಗಂಡ ಸತ್ತೋರೂ ಸೇವಂತಿ ಮುಡೀತಾರೇನ್ರಿ?"

ಅತ್ತೆಯ ಕೈಯಲ್ಲಿದ್ದ ಸಾರಿನ ಪಾತ್ರೆ ಅಲುಗಲಿಲ್ಲ. ಅವಳು ಸಾಲು ಪೂರ್ತಿ ಬಡಿಸಿ, ಒಳಗೆ ಹೋದಳು. ಅಮ್ಮ ಏನೋ ನಗೆಯಾಡಿ ಮಾತು ಮರೆಸಲು ನೋಡಿದಳು. ಅಪ್ಪನ ಕಿವಿ ಕೆಂಪಾಗಿತ್ತು.

ಅವರು ಹೋದ ಮೇಲೆ ನಡುಮನೆಯಲ್ಲಿ ಅಪ್ಪ ಅಕ್ಕನನ್ನು ಕರೆದರು. ಇನ್ನು ಮೇಲೆ ಅದನ್ನು ಮುಡಿಯುವಂತಿಲ್ಲ, ಲಿಂಗಕ್ಕೆ ಏರಿಸಿದರೂ ತಲೆಗೆ ಹೋಗಕೂಡದು, ಹುಡುಗಿಯ ಸಂಬಂಧದ ಪ್ರಶ್ನೆ ಅಂದರು. ಇಷ್ಟು ವರ್ಷ ಇಲ್ಲದ ದೋಷ ಈಗೆಲ್ಲಿಂದ ಬಂತು ಅಂತ ನಾನು ಇಂಗ್ಲಿಷಿನಲ್ಲೇ ಕೇಳಿದೆ, ಸಿಟ್ಟಿನಲ್ಲಿ ನನಗೆ ಕನ್ನಡ ಬರಲಿಲ್ಲ. ಅಪ್ಪ ನನ್ನನ್ನು ಒಳಗೆ ಕಳಿಸಿದರು. ಇಷ್ಟು ಮಾತಿಗೆ ಅಜ್ಜಿ ಎದ್ದಳು. ಅವಳು ಮಗನಿಗೆ ಎದುರು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಯಾರು ಹೇಳಿದ್ರಲೇ ನಿನಗ ಆ ದೊರಸಾನೀನ ಕೇಳಾಕ? ಕೇಳದಿದ್ರ ಪತ್ರಿ ಆಗಿತ್ತು. ನಾ ಸಾಯೂ ತನಕ ಪತ್ರಿ ಆಗಿರ್ತಿತ್ತು."

"ಇದ್ದದ್ದು ಇದ್ದಂಗ ಅಂದಾಳವ್ವ ಆಕಿ. ಸೇವಂತಿ ಜಾತೀದು ಐತಿ ಅದು."

"ಹೌದಪಾ. ಇನ್ನ ಮ್ಯಾಲೆ ಐತಿ."

ಅಜ್ಜಿ ಅಷ್ಟಕ್ಕೇ ಕೂತಳು. ನನಗೆ ಅವಳ ಮೇಲೂ ಸಿಟ್ಟಿದೆ. ಇಷ್ಟು ತಿಳಿದವಳು ಇನ್ನೊಂದು ಹೆಜ್ಜೆ ಹೋಗಿ, ಹೂವಾದರೇನು ಮುಡಿಯಲಿ ಅನ್ನಬಹುದಿತ್ತು. ಅನ್ನಲಿಲ್ಲ. ಹೂವು ಅಂತ ಆದ ಮೇಲೆ ಅವಳ ಬುದ್ಧಿಗೂ ಬೇಲಿ ಬಿತ್ತು. ಅವಳ ಪಾಲಿಗೆ ಮಗಳು ಮುಡಿದದ್ದು ತಪ್ಪಲ್ಲ, ಮಗ ಕೇಳಿದ್ದು ತಪ್ಪು.

ಮಾರನೆಯ ಬೆಳಿಗ್ಗೆ ಅತ್ತೆ ಮಠಕ್ಕೆ ಹೋಗಿದ್ದಾಗ ಅಪ್ಪ ಗಡಿಗೆ ಸಮೇತ ಆ ಗಿಡವನ್ನು ಬಂಗಲೆಗೆ ಕಳಿಸಿಕೊಟ್ಟರು. ಮೇಮ್ ಬೇರು ಕೇಳಿದ್ದಳಂತೆ. ಒಂದೇ ಕಲ್ಲಿಗೆ ಎರಡು ಹಕ್ಕಿ: ಮನೆಯಿಂದ ಗಿಡ ಹೋಯಿತು, ದೊರೆಸಾನಿಗೆ ಕಾಣಿಕೆಯೂ ಆಯಿತು. ಅತ್ತೆ ಬಂದು ಬಾವಿಯ ಪಕ್ಕ ನೆಲದಲ್ಲಿ ಉಳಿದ ದುಂಡನೆಯ ಒದ್ದೆ ಗುರುತು ನೋಡಿದಳು. ನೀರು ಸೇದಿದಳು. ಪೂಜೆಗೆ ಕೂತಳು. ಆ ದಿನ ಲಿಂಗದ ಮೇಲೆ ಬಿಲ್ವವನ್ನೂ ಇಡಲಿಲ್ಲ.

ರಜೆ ಮುಗಿದರೂ, ಸಂಬಂಧದ ಮಾತುಕತೆ ನಡೆದಿದೆಯೆಂದು ನನ್ನನ್ನು ಕಾನ್ವೆಂಟಿಗೆ ಕಳಿಸಲಿಲ್ಲ. ಮುಂದೆಯೂ ಕಳಿಸಲಿಲ್ಲ. ನನ್ನ ಎಜುಕೇಶನ್ ಅಲ್ಲಿಗೆ ಫಿನಿಶ್. ಕಾರ್ತಿಕ ಬಂತು, ಎಂದಿನಂತೆ ಬೆಟ್ಟಕ್ಕೆ ಹೊರಟೆವು. ಸಂಡೂರಿನ ತನಕ ಬಾಡಿಗೆ ಮೋಟಾರು, ಮುಂದೆ ಗಾಡಿ. ಗಂಡಸರು ಒಳಗೆ ಹೋದರು. ನಾವು ಇಳಿಜಾರಿನಲ್ಲಿ ಕೂತೆವು. ಎಮ್ಮಿಗನೂರಿನ ಕಡೆಯ ಹೆಂಗಸರ ಗುಂಪೊಂದು ಪಕ್ಕದ ಬಂಡೆಯ ಮೇಲೆ ಬುತ್ತಿ ಬಿಚ್ಚಿತ್ತು. ಆ ವರ್ಷ ಮಳೆ ಚೆನ್ನಾಗಿ ಆಗಿತ್ತು, ಬಂಡೆಗಳ ಸಂದಿಯೆಲ್ಲ ನೇರಳೆ.

ಅತ್ತೆ ಎದ್ದಳು. ತಲೆಯ ಮೇಲಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಗಿಸಿದಳು. ಬಿಸಿಲಿನಲ್ಲಿ ಅವಳ ಕೂದಲು ನಾನು ಅಂದುಕೊಂಡಿದ್ದಕ್ಕಿಂತ ಕಪ್ಪಗಿತ್ತು. ಒಂದೊಂದೇ ಕುಡಿ ಮುರಿದು ತುರುಬಿನ ಸುತ್ತ ಸಿಗಿಸುತ್ತ ಹೋದಳು. ಅಮ್ಮ ಬ್ಯಾಡ ಬ್ಯಾಡ ಅನ್ನುತ್ತಲೇ ಕೂತಲ್ಲೇ ಕೂತಳು. ಪಕ್ಕದ ಗುಂಪಿನ ಒಬ್ಬಾಕೆ ಸಹಜವಾಗಿ, ಅದೇನು ಹೂವವ್ವ ಅಂತ ಕೇಳಿದಳು.

"ಸೇವಂತಿ ಜಾತೀದಂತವ್ವ," ಅಂದಳು ಅತ್ತೆ. "ನನಗೂ ಗೊತ್ತಿರ್ಲಿಲ್ಲ. ನನ್ನ ತಮ್ಮ ದೊರಸಾನೀನ ಮನೀತನ ಕರಸಿ ತಿಳಕೊಂಡಾನ."

ಅಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು, ಪ್ರಸಾದದ ತಟ್ಟೆ ಹಿಡಿದು ಹೊರಗೆ ಬಂದರು. ಕಂಡರು. ಅಷ್ಟು ಜನರೆದುರು ದನಿ ಏರಿಸುವಂತಿರಲಿಲ್ಲ. ಹತ್ತಿರ ಬಂದು ಹಲ್ಲು ಕಚ್ಚಿ, "ಅಕ್ಕಾ, ತಗಿ ಅದನ್ನ," ಅಂದರು.

"ನೀನ ಹೆಸರು ಇಡಿಸಿದೆಲ್ಲಪಾ. ಇಷ್ಟು ದಿನ ಹೆಸರಿರ್ಲಿಲ್ಲ, ಮುಚ್ಚಿಟ್ಕೊಂಡೆ. ಹೆಸರಿದ್ದದ್ದನ್ನ ಮುಚ್ಚಿ ಹೆಂಗ ಮುಡೀಲಿ?"

ಎಮ್ಮಿಗನೂರಿನ ಮುದುಕಿಯೊಬ್ಬಳು ನಕ್ಕಳು. ನಕ್ಕಿದ್ದೇ ತಪ್ಪಾಯಿತೋ ಏನೋ. ಅಪ್ಪ ಪ್ರಸಾದವನ್ನೂ ಹಂಚದೆ ಗಾಡಿ ಹತ್ತಿದರು. ಅತ್ತೆ ಹೊಸಪೇಟೆಯ ತನಕ, ಮೋಟಾರಿನ ಕಿಟಕಿಯ ಪಕ್ಕ, ತಲೆಯ ಮೇಲೆ ಸೆರಗಿಲ್ಲದೆ ಕೂತು ಬಂದಳು. ಬಜಾರಿನ ನಡುವೆ ಮೋಟಾರು ಇಳಿದು ಮನೆಯ ತನಕ ನಡೆದಳು. ನಾನು ಅವಳ ಕೈ ಹಿಡಿದಿದ್ದೆ. ಹೂವುಗಳು ಅಷ್ಟು ಹೊತ್ತಿಗೆ ಬಾಡಿದ್ದವು. ಆದರೂ ಅಂಗಡಿ ಕಟ್ಟೆಯಲ್ಲಿ ಕೂತ ಒಬ್ಬೊಬ್ಬರೂ ನೋಡಿದರು.

ಬಳ್ಳಾರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಗಂಡಿನ ತಾಯಿ ಹೇಳಿ ಕಳಿಸಿದಳು: ಆ ಹೆಣ್ಣುಮಗಳು ಆ ಮನೆಯಲ್ಲಿರುವ ತನಕ ತಮ್ಮ ಮನೆಗೆ ಅಲ್ಲಿಂದ ಸೊಸೆ ಬರುವುದಿಲ್ಲ ಅಂತ. ನನಗೆ ಬಹಳ ಸಂತೋಷವಾಯಿತು. ಬರದಿದ್ದರೆ ಬೇಡ, ನಾನು ವಾಪಸ್ ಕಾನ್ವೆಂಟಿಗೆ ಹೋಗುತ್ತೇನೆ ಅಂದೆ. ನನ್ನನ್ನು ಯಾರು ಕೇಳಬೇಕು? ಅಪ್ಪ ಒಂದೇ ವಾಕ್ಯದಲ್ಲಿ ತೀರ್ಮಾನ ಮಾಡಿದರು: ಕೊಟ್ಟ ಹೆಣ್ಣಿಗೆ ಗಂಡನ ಊರೇ ಊರು, ಅಕ್ಕ ಇರಬೇಕಾದ ಜಾಗ ಕಂಪ್ಲಿ. ಆ ಊರಿನಲ್ಲಿ ಅವಳು ಕಳೆದದ್ದು ಮದುವೆಯ ಕೆಲವೇ ದಿನ. ಗಿಡ ಹುಟ್ಟಿದ ಬೆಟ್ಟ ಗಿಡದ್ದಲ್ಲ ಅಂತ ಮೇಮ್ ಹೇಳಿದಳು. ಹುಟ್ಟಿದ ಮನೆ ಅಕ್ಕನದ್ದಲ್ಲ ಅಂತ ತಮ್ಮ ಹೇಳಿದ. ಇವರಿಬ್ಬರೂ ಒಂದೇ ಸ್ಕೂಲಿನಲ್ಲಿ ಓದಿರಬೇಕು.

ಗಂಡನ ಅಣ್ಣನ ಮಕ್ಕಳು ಅವಳನ್ನು ಇಟ್ಟುಕೊಳ್ಳಲು ಒಪ್ಪಿದರು. ಎಷ್ಟೆಂದರೂ ದುಡಿಯುವ ಕೈ. ನನ್ನ ಮದುವೆ ಬಳ್ಳಾರಿಗೇ ಆಯಿತು, ಆ ಸೂಜಿಗಣ್ಣಿನ ಹೆಂಗಸಿನ ಮನೆಗೇ. ಮದುವೆಯ ಚಪ್ಪರದಲ್ಲಿ ಅತ್ತೆ ಇರಲಿಲ್ಲ. ನನ್ನ ಜಡೆಗೆ ಅಷ್ಟುದ್ದ ಸೇವಂತಿ ದಂಡೆ ಹೆಣೆದಿದ್ದರು. ನಾನು ಕೂತಲ್ಲೇ ಅದರ ಎಸಳು ಒಂದೊಂದಾಗಿ ಕಿತ್ತು ಮಣೆಯ ಕೆಳಗೆ ತಳ್ಳುತ್ತಿದ್ದೆ. ನಾಚಿಕೆ ಅಂದುಕೊಂಡರು.

ಮದುವೆಯಾದ ಮೇಲೆ ಒಮ್ಮೆ, ಹೇಗೋ ಅನುಮತಿ ಪಡೆದು, ಕಂಪ್ಲಿಗೆ ಹೋದೆ. ನದಿಗೆ ಆಗ ಡ್ಯಾಂ ಇರಲಿಲ್ಲ, ಹೊಳೆ ತುಂಬಿ ಹರಿಯುತ್ತಿತ್ತು. ಊರ ಸುತ್ತ ಭತ್ತದ ಗದ್ದೆ, ಕಬ್ಬು, ನೀರು ನಿಂತ ಕಪ್ಪು ಮಣ್ಣು. ಅತ್ತೆ ಆಲೆಮನೆಯಲ್ಲಿ ಬೆಲ್ಲದ ಅಚ್ಚು ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು ನನ್ನ ಮುಖ ಹಿಡಿದು ನೋಡಿದಳು. ಗಂಡನ ಮನೆ ಹೇಗಿದೆ ಅಂತ ಕೇಳಲಿಲ್ಲ. ಮುಖ ನೋಡಿಯೇ ತಿಳಿದಿರಬೇಕು. ಯಾರೋ ಬೆಟ್ಟಕ್ಕೆ ಹೋದವರ ಕೈಲಿ ಬೇರು ತರಿಸಿ ಹಚ್ಚಿದ್ದಳಂತೆ.

"ಕೊಳೀತೈತಿ," ಅಂದಳು. "ಈ ಮಣ್ಣು ಅದಕ್ಕ ಒಗ್ಗೂದಿಲ್ಲ. ಕಲ್ಲಾಗ ಬೆಳೆದದ್ದಕ್ಕ ಇಷ್ಟು ನೀರು ಕೊಟ್ರ ಏನ್ ಮಾಡ್ತೈತಿ ಪಾಪ."

ನನ್ನ ಜೊತೆ ಬಾ ಅನ್ನಬೇಕೆಂದು ಬಾಯಿತನಕ ಬಂತು. ಯಾರ ಮನೆಗೆ ಕರೆಯಲಿ? ಆ ಮನೆಯಲ್ಲಿ ನನ್ನದೆನ್ನುವ ಒಂದು ಮೂಲೆ ಇರಲಿಲ್ಲ. ಊರ ಅಂಚಿನ ತನಕ ಅವಳೇ ಬಂದು ನನ್ನನ್ನು ಬೀಳ್ಕೊಟ್ಟಳು.

ಅವಳು ತೀರಿಕೊಂಡಾಗ ನಾನು ಇಬ್ಬರು ಮಕ್ಕಳ ತಾಯಿ. ಸುದ್ದಿ ತಿಳಿದು ಕಂಪ್ಲಿ ಮುಟ್ಟುವ ಹೊತ್ತಿಗೆ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಸಿಂಗರಿಸಿ, ಕೂತಂತೆಯೇ ಮಣ್ಣಿಗೆ ಒಯ್ಯುತ್ತಾರೆ. ಅಪ್ಪ ನನಗಿಂತ ಮುಂಚೆ ಬಂದಿದ್ದರು. ಹೊಸಪೇಟೆಯಿಂದ ಎರಡು ಬುಟ್ಟಿ ಹೂವು ತಂದಿದ್ದರು, ಒಂದು ಪೂರ್ತಿ ಸೇವಂತಿ. ತಾವೇ ಅಕ್ಕನ ಕೊರಳಿಗೆ ಹಾರದ ಮೇಲೆ ಹಾರ ಹಾಕಿದ್ದರು. ತುರುಬಿಗೂ ದಂಡೆ ಸುತ್ತಿದ್ದರು. ಅಳುತ್ತಿದ್ದರು, ನಿಜವಾಗಿ. ಬಂದವರೆಲ್ಲ, ತಮ್ಮ ಅಂದರೆ ಹೀಗಿರಬೇಕು ಅನ್ನುತ್ತಿದ್ದರು.

ನಾನು ಜನರನ್ನು ದಾಟಿ ಹೋಗಿ ಆ ದಂಡೆಯನ್ನು ಬಿಚ್ಚಿದೆ. ಬಿಗಿಯಾಗಿ ಕಟ್ಟಿದ್ದರು, ಹಲ್ಲಿನಿಂದ ದಾರ ಕಡಿಯಬೇಕಾಯಿತು. ಹಾರಗಳನ್ನೂ ತೆಗೆದು ಬುಟ್ಟಿಗೆ ಹಾಕಿದೆ. ಭಜನೆಯವರು ತಾಳ ನಿಲ್ಲಿಸಿದರು. ದುಃಖಕ್ಕೆ ತಲೆ ಕೆಟ್ಟಿದೆ ಅಂತ ಯಾರೋ ನನ್ನ ತೋಳು ಹಿಡಿದರು. ಅಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಂಡು, ಚಿಕ್ಕ ಹುಡುಗಿಗೆ ತಿಳಿಸಿ ಹೇಳುವಂತೆ ಮೆತ್ತಗೆ ಹೇಳಿದರು:

"ಇರ್ಲಿ ಬಿಡವ್ವ. ಈಗ ದೋಷ ಇಲ್ಲ."

"ಯಾವಾಗ ಇತ್ರಿ?" ಅಂದೆ.

ಅವರು ವಲ್ಲಿಯನ್ನು ಮತ್ತೆ ಕಣ್ಣಿಗೊತ್ತಿಕೊಂಡರು. ನಾನು ಅವರ ಜೊತೆ ಮತ್ತೆಂದೂ ಮಾತಾಡಲಿಲ್ಲ. ಅತ್ತೆಯನ್ನು ಬರಿಯ ವಿಭೂತಿಯಲ್ಲಿ ಎತ್ತಿದರು.